ಎರಡನೇ ಭಾಗದ ಸಣ್ಣಬೀರಪ್ಪ

ಗಂಡ ತೀರಿಕೊಂಡ ಮೇಲೆ, ಅವನ ದನಿ ಕೇಳಬೇಕು ಅನ್ನಿಸಿದಾಗಲೆಲ್ಲ ಗುತ್ಯಮ್ಮ ಮಗಳಿಗೆ ಹೇಳಿ ಫೋನಿನಲ್ಲಿ ಸಿನಿಮಾ ಹಾಕಿಸುತ್ತಿದ್ದಳು. ಇಡೀ ಸಿನಿಮಾ ಅಲ್ಲ. ರಾಣಿ ಕಾಡು ದಾಟಿ, ಒಣಗಿದ ಕೆರೆಯಂಗಳಕ್ಕೆ ಬಂದು, ಕುರಿ ಕಾಯುವವನ ಮುಂದೆ ಕುಸಿದು ಕೂರುವ ಜಾಗ ಇದೆಯಲ್ಲ, ಅಷ್ಟು ಮಾತ್ರ. ಕುರಿ ಕಾಯುವವನು ನೀರು ತುಂಬಿದ ಸೋರೆಬುರುಡೆ ಮುಂದೆ ಹಿಡಿದು, "ಮೊದ್ಲು ಕುಡಿಯವ್ವ. ಯಾರು ಏನು ಅಂತ ಆಮ್ಯಾಲೆ ಹೇಳೀಯಂತೆ" ಅನ್ನುತ್ತಾನೆ. ಆ ಕುರಿ ಕಾಯುವವನೇ ಗುತ್ಯಮ್ಮನ ಗಂಡ ಸಣ್ಣಬೀರಪ್ಪ.

ಸಣ್ಣಬೀರಪ್ಪ ಸಿನಿಮಾದವನಲ್ಲ. ತಾಳಗುಂದದ ಹತ್ತಿರದ ಊರವನು. ಅಪ್ಪನ ಕಾಲದಿಂದ ಬಂದ ಕುರಿ ಹಿಂಡು, ಜೊತೆಗೆ ಸ್ವಲ್ಪ ಮೆಕ್ಕೆಜೋಳದ ಹೊಲ. ಮಾತು ಕಡಿಮೆ. ಮುಂದಿನ ಹಲ್ಲೊಂದನ್ನು ಟಗರು ಗುದ್ದಿ ಉದುರಿಸಿತ್ತು, ಅದಕ್ಕೆ ತುಟಿ ಮುಚ್ಚಿಕೊಂಡೇ ನಗುತ್ತಿದ್ದ. ಚಿಕ್ಕಂದಿನಿಂದ ಮರಿಗಳನ್ನು ಹೊತ್ತು ತಿರುಗಿ ಎಡ ಹೆಗಲು ತುಸು ಇಳಿಬಿದ್ದಿತ್ತು. ದೂರದಿಂದ ನಡೆದು ಬರುತ್ತಿದ್ದರೆ ಗಾಳಿಗೆ ವಾಲಿದ ಗಿಡದ ಹಾಗೆ ಕಾಣುತ್ತಿದ್ದ. ಮುಖ ಕಾಣದಷ್ಟು ದೂರದಿಂದಲೂ ಗುತ್ಯಮ್ಮ ಅವನನ್ನು ಗುರುತು ಹಿಡಿಯುತ್ತಿದ್ದಳು.

ಕೊರೊನಾಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ಸಿನಿಮಾದವರು ಬಂದು ಕೆರೆಯಂಗಳದಲ್ಲಿ ಡೇರೆ ಹಾಕಿದರು. 'ನಾಗರಖಂಡದ ಅರಸಿ' ಅಂತ ಸಿನಿಮಾದ ಹೆಸರು. ಈ ಸೀಮೆಗೆ ಹಿಂದೆ ನಾಗರಖಂಡ ಅನ್ನುತ್ತಿದ್ದರಂತೆ. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ರಾಣಿ ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೋಟೆ ಬಿಟ್ಟು ಓಡುತ್ತಾಳೆ. ಹಳ್ಳಿಯವರ ನಡುವೆ ಹಳ್ಳಿಯವಳಾಗಿ ವರ್ಷಗಟ್ಟಲೆ ಬದುಕುತ್ತಾಳೆ. ಕೊನೆಗೆ ಅದೇ ಹಳ್ಳಿಯವರನ್ನು ಕಟ್ಟಿಕೊಂಡು ಹೋಗಿ ಸಿಂಹಾಸನ ಏರುತ್ತಾಳೆ. ಅದು ಕತೆ. ಹಳ್ಳಿಯ ದೃಶ್ಯಕ್ಕೆ ಅವರಿಗೆ ಕುರಿ ಬೇಕಾಗಿತ್ತು. ಕುರಿಯ ಹಿಂದೆ ಸಣ್ಣಬೀರಪ್ಪನೂ ಹೋದ.

ಕುರುಬನ ಪಾತ್ರಕ್ಕೆ ಬೇರೆ ಒಬ್ಬ ನಟ ಇದ್ದ. ಆದರೆ ಅವನು ಹತ್ತಿರ ಬಂದರೆ ಕುರಿಗಳು ಚದುರಿ ಓಡುತ್ತಿದ್ದವು. ಅರ್ಧ ದಿನ ಕಾದು ಸುಸ್ತಾದ ಡೈರೆಕ್ಟರು, ಸೋರೆಬುರುಡೆಯನ್ನು ಆ ನಟನ ಕೈಯಿಂದ ತೆಗೆದು ಸಣ್ಣಬೀರಪ್ಪನ ಕೈಗೆ ಕೊಟ್ಟರು. ಬರೆದುಕೊಟ್ಟ ಮಾತು ಬೇರೆಯೇ ಇತ್ತು. "ಬಳಲಿದಂತಿದೆ ತಾಯೀ, ಈ ತಣ್ಣೀರನ್ನು ಸ್ವೀಕರಿಸಿರಿ" ಅಂತ. ಅದು ಅವನ ನಾಲಿಗೆಗೆ ಹತ್ತಲಿಲ್ಲ. ರಾಣಿಯಾಗಿದ್ದ ಹುಡುಗಿ ಬಿಸಿಲಲ್ಲಿ ಓಡಿ ಓಡಿ ನಿಜವಾಗಿಯೂ ಬಾಯಾರಿದ್ದಳು. ತುಟಿ ಒಡೆದಿತ್ತು. ಅವಳ ಮುಖ ನೋಡಿದ್ದೇ ಇವನು ಬರೆದದ್ದೆಲ್ಲ ಮರೆತು, ಬಾಯಿಗೆ ಬಂದದ್ದು ಅಂದುಬಿಟ್ಟ. ಅವಳು ಗಟಗಟ ಕುಡಿದಳು. ಅದನ್ನೇ ಇಟ್ಟುಕೊಂಡರು.

ಸಿನಿಮಾ ಬಿಡುಗಡೆಯಾದಾಗ ಊರಿಗೆ ಊರೇ ಟ್ರಾಕ್ಟರಿನಲ್ಲಿ ಶಿಕಾರಿಪುರಕ್ಕೆ ಹೋಗಿ ನೋಡಿ ಬಂತು. ಪರದೆಯ ಮೇಲೆ ತನ್ನ ಮುಖ ಬಂದಾಗ ಸಣ್ಣಬೀರಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಪಕ್ಕದಲ್ಲಿ ಕೂತ ಗುತ್ಯಮ್ಮ ಅತ್ತ ಪರದೆಯನ್ನೂ ಇತ್ತ ಟವೆಲ್ಲನ್ನೂ ನೋಡುತ್ತ ಕೂತಳು. ಆ ಸಿನಿಮಾದಲ್ಲಿ ಬಿಸಿಲು ಬಿಸಿಲಾಗಿತ್ತು. ರಾಣಿ ಅಂಬಲಿ ಕುಡಿದರೆ ಬಾಯಿ ಸುಟ್ಟುಕೊಳ್ಳುತ್ತಿದ್ದಳು. ರಾಜ ಸತ್ತ ಸುದ್ದಿ ಬಂದಾಗ ವಾದ್ಯವಿಲ್ಲ, ಕಿರುಚಾಟವಿಲ್ಲ. ರಾಣಿ ಮಗುವಿಗೆ ಹಾಲೂಡಿಸುತ್ತಿದ್ದವಳು ಊಡಿಸುತ್ತಲೇ ಇರುತ್ತಾಳೆ, ಅಷ್ಟೆ. ಥಿಯೇಟರಿನಲ್ಲಿ ಯಾರೋ ಮೂಗು ಸೇದುವುದು ಕೇಳಿಸುತ್ತಿತ್ತು. ಊರಿನ ಜನ ರಾಜರ ಸಿನಿಮಾ ಬೇಕಾದಷ್ಟು ನೋಡಿದ್ದರು. ಆದರೆ ರಾಜರ ಸಿನಿಮಾದಲ್ಲಿ ತಮ್ಮಂಥವರನ್ನು ನೋಡಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಶಿರಾಳಕೊಪ್ಪದ ಸಂತೆಯಲ್ಲೂ ಅವನನ್ನು 'ರಾಣಿಗೆ ನೀರು ಕೊಟ್ಟ ಬೀರಣ್ಣ' ಅಂತ ಕರೆಯುತ್ತಿದ್ದರು.

ಕೊರೊನಾ ಹೋಯಿತು ಅಂತ ಎಲ್ಲರೂ ಉಸಿರು ಬಿಟ್ಟ ವರ್ಷ ಅವನು ಹೋದ. ಬೆಳಿಗ್ಗೆ ಕುರಿ ರೊಪ್ಪದ ಬಾಗಿಲು ತೆಗೆಯಲು ಹೋದವನು ಅಲ್ಲೇ ಎದೆ ಹಿಡಿದು ಕೂತ. ಗಾಡಿ ತಂದು ಮಲಗಿಸಿಕೊಂಡು ಶಿಕಾರಿಪುರ ಮುಟ್ಟುವುದರೊಳಗೆ ಮುಗಿದಿತ್ತು. ಗೋಡೆಗೆ ಹಾಕಲು ಫೋಟೋ ಬೇಕು ಅಂದಾಗ ಸಿಕ್ಕಿದ್ದು ವೋಟರ್ ಕಾರ್ಡಿನದು ಮಾತ್ರ. ಅದನ್ನೇ ದೊಡ್ಡದು ಮಾಡಿಸಿದರು. ಕಣ್ಣು ಬಿಟ್ಟುಕೊಂಡು ಬೆದರಿದ ಹಾಗೆ ಇರುವ ಆ ಫೋಟೋವನ್ನು ಗುತ್ಯಮ್ಮ ನೋಡುತ್ತಲೇ ಇರಲಿಲ್ಲ. ಅವಳಿಗೆ ಸಿನಿಮಾ ಇತ್ತು. ಅದರಲ್ಲಿ ಅವನು ನಡೆಯುತ್ತಿದ್ದ, ತುಟಿ ಮುಚ್ಚಿ ನಗುತ್ತಿದ್ದ, ಮಾತಾಡುತ್ತಿದ್ದ. ಅದರ ಆಸರೆಯಲ್ಲೇ ಅವಳು ಕುರಿಯನ್ನೂ ಹೊಲವನ್ನೂ ಮಗಳನ್ನೂ ಸುಧಾರಿಸಿಕೊಂಡು ಬಂದಳು. ಕುರಿಗೆ ಹೋಗಲು ಭಾವ ಉಜ್ಜಪ್ಪ ಜೊತೆಯಾದ. ಮಗಳು ಸುಷ್ಮಿತಾ ಶಿಕಾರಿಪುರದ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದಳು.

ಹೀಗಿರುವಾಗ ಎರಡನೇ ಭಾಗ ಬಂತು.

ಬಸ್‌ಸ್ಟ್ಯಾಂಡಿನ ಗೋಡೆ ತುಂಬ ಪೋಸ್ಟರು. ರಾಣಿಯ ಮಗ ಈಗ ದೊಡ್ಡವನಾಗಿದ್ದಾನೆ, ಎದೆಗೆ ಚಿನ್ನದ ಕವಚ, ಎರಡೂ ಕೈಯಲ್ಲಿ ಕತ್ತಿ, ಹಿಂದೆ ಬೆಂಕಿ. ಈ ಸಲ ಚಿತ್ರೀಕರಣಕ್ಕೆ ಈ ಕಡೆಗೆ ಯಾರೂ ಬಂದಿರಲಿಲ್ಲ. ಎಲ್ಲವನ್ನೂ ಎಲ್ಲೋ ದೂರದ ಸ್ಟುಡಿಯೋದ ಒಳಗೇ ಮುಗಿಸಿದ್ದರಂತೆ. ಗಣಪತಿ ಹಬ್ಬದ ಮರುವಾರ ಸುಷ್ಮಿತಾ ಮ್ಯಾಟಿನಿಗೆ ಟಿಕೆಟ್ ತೆಗೆದಳು. ಗುತ್ಯಮ್ಮನ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಇತ್ತು. ಮಗನಿಗೆ ಹಳೆಯ ಕತೆ ಹೇಳುವಾಗ ರಾಣಿ ನೆನಪು ಮಾಡಿಕೊಳ್ಳಬಹುದು, ಆಗ ಬುರುಡೆ ಹಿಡಿದ ಕೈ ಒಂದು ಸಲ ಬಂದು ಹೋಗಬಹುದು ಅಂತ. ಅಷ್ಟಕ್ಕೇ ಅವಳು ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟುಕೊಂಡಿದ್ದಳು.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಸುಷ್ಮಿತಾ ಫೋನ್ ನೋಡತೊಡಗಿದಳು. ಮೊದಲಿನದರಲ್ಲಿ ಮಣ್ಣು ಬಳಿದ ಗೋಡೆಯ ಕೋಟೆ ಇತ್ತು. ಇದರಲ್ಲಿ ಕಂಬ, ಬಾಗಿಲು, ಮೆಟ್ಟಿಲು ಎಲ್ಲ ಚಿನ್ನ. ಅಂಬಲಿ ಕುಡಿದ ರಾಣಿ ಈಗ ಬಾಯಿ ಬಿಟ್ಟರೆ ಭಾಷಣ. ರಾಜಕುಮಾರ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹಾರುತ್ತಾನೆ, ಕೆಳಗಿಳಿದಾಗ ಧೂಳೇಳುತ್ತದೆ, ಆದರೆ ಅವನ ಪಂಚೆಗೆ ಒಂದು ಚೂರೂ ಮಣ್ಣಾಗುವುದಿಲ್ಲ. ಯಾರಾದರೂ ಸತ್ತರೆ ಅಳುವುದಕ್ಕೆ ಮುಂಚೆ ಹಾಡು ಬರುತ್ತದೆ. ಮುಂದಿನ ಸಾಲಿನವರು ಎದ್ದು ಹೊರಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದರೂ ಕತೆ ಅಲ್ಲೇ ನಿಂತಿತ್ತು.

ಗುತ್ಯಮ್ಮ ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಒಂದು ಕಡೆ ಕುರಿ ಹಿಂಡು ಬಂತು. ಗುಡ್ಡ ತುಂಬುವಷ್ಟು ಕುರಿ. ಆದರೆ ಅವು ಒಂದರ ಹೊಟ್ಟೆಗೆ ಒಂದು ತಲೆ ತೂರಿಸುತ್ತಿರಲಿಲ್ಲ, ಮರಿ ತಾಯಿಯನ್ನು ಹುಡುಕುತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ತಲೆ ಎತ್ತಿ ಒಟ್ಟಿಗೆ ತಗ್ಗಿಸುತ್ತಿದ್ದವು. ಎಲ್ಲದರ ಎಡಗಿವಿಯೂ ಹರಿದಿತ್ತು. ಗುತ್ಯಮ್ಮ ಮುಂದಕ್ಕೆ ಬಾಗಿದಳು. ಅದು ಅವರದೇ ಕುರಿ. ನಾಯಿ ಕಚ್ಚಿ ಕಿವಿ ಹರಿದಿದ್ದ ಹಳೇ ಕುರಿ. ಅದು ಸತ್ತು ಎಷ್ಟೋ ಕಾಲವಾಗಿತ್ತು.

"ಸುಸ್ಮೀ, ನಮ್ ಕುರಿ ನೋಡು" ಅಂದಳು.

ಸುಷ್ಮಿತಾ ತಲೆ ಎತ್ತುವುದರೊಳಗೆ ಕುರಿ ಹೋಗಿ ಶತ್ರುರಾಜನ ಪಡೆ ಬಂದಿತ್ತು. ಕಪ್ಪು ಬಟ್ಟೆ, ಕೈಯಲ್ಲಿ ಪಂಜು. ಬೆಟ್ಟದಿಂದ ಕೆಳಗಿನ ಹಳ್ಳಿಗೆ ಇಳಿಯುತ್ತಿದ್ದರು. ಮೊದಲು ದೂರದಿಂದ ತೋರಿಸಿದರು, ಆಮೇಲೆ ಹತ್ತಿರ ತಂದರು. ಪಡೆಯ ಮುಂದಿನ ಸಾಲಿನ ಕೊನೆಯಲ್ಲಿ ಸಣ್ಣಬೀರಪ್ಪ ಇದ್ದ.

ಗುತ್ಯಮ್ಮನಿಗೆ ಮೊದಲು ಖುಷಿಯೇ ಆಯಿತು. ಇದ್ದಾನಲ್ಲ ಅಂದುಕೊಂಡಳು. ಆಮೇಲೆ ಅವನ ಪಕ್ಕದವನನ್ನು ನೋಡಿದಳು. ಅವನೂ ಸಣ್ಣಬೀರಪ್ಪ. ಹಿಂದಿನ ಸಾಲಿನಲ್ಲಿ ಒಬ್ಬ, ಅದರ ಹಿಂದೆ ಇಬ್ಬರು, ಕುದುರೆಯ ಬಾಲದ ಸಂದಿನಲ್ಲಿ ಒಬ್ಬ. ಎಲ್ಲರ ಹೆಗಲೂ ಸಮವಾಗಿತ್ತು. ಎಲ್ಲರೂ ಕೋಲಿನ ಹಾಗೆ ನೆಟ್ಟಗೆ ನಡೆಯುತ್ತಿದ್ದರು. ಬಾಯಿ ತೆರೆದು ಕೂಗಿದರು. ಆ ಬಾಯಲ್ಲಿ ಹಲ್ಲೆಲ್ಲ ತುಂಬಿತ್ತು. ಯಾರೂ ರೆಪ್ಪೆ ಬಡಿಯಲಿಲ್ಲ. ಕೂಗುತ್ತ ಕೂಗುತ್ತ ಹುಲ್ಲಿನ ಮಾಡುಗಳಿಗೆ ಪಂಜು ಹಿಡಿದರು. ಒಳಗಿಂದ ಓಡಿಬಂದ ಹೆಂಗಸರನ್ನು ಕಡಿದರು.

ಗಂಡ ಹೇಳಿದ್ದು ಅವಳಿಗೆ ಆಗ ನೆನಪಾಯಿತು. ಮೊದಲ ಸಿನಿಮಾದ ಚಿತ್ರೀಕರಣದ ಕೊನೆಯಲ್ಲಿ ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಒಂದು ಬಿಳಿ ಡೇರೆಯೊಳಗೆ ನಿಲ್ಲಿಸಿದ್ದರಂತೆ. ಸುತ್ತಲೂ ಕ್ಯಾಮೆರಾಗಳು. ತಿರುಗು, ಬಾಯಿ ತೆಗಿ, ಸಿಟ್ಟು ಮಾಡು, ಕೈ ಎತ್ತು ಅಂದರಂತೆ. ಯಾಕೆ ಅಂತ ಯಾರೂ ಕೇಳಿರಲಿಲ್ಲ.

"ಅವ್ವಾ, ಹೋಗೋಣ ಬಾ" ಅಂದಳು ಸುಷ್ಮಿತಾ. ಅವಳೂ ನೋಡಿದ್ದಳು. ಆದರೆ ಗುತ್ಯಮ್ಮ ಏಳಲಿಲ್ಲ. ಕೊನೆಯ ಯುದ್ಧದಲ್ಲಿ ರಾಜಕುಮಾರ ಆ ಪಡೆಯನ್ನೆಲ್ಲ ಒಬ್ಬನೇ ಕಡಿದು ಗುಡ್ಡೆ ಹಾಕುವವರೆಗೂ ಕೂತಿದ್ದಳು. ಒಬ್ಬೊಬ್ಬ ಬೀಳುವಾಗಲೂ ಸೆರಗನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಥಿಯೇಟರಿನಲ್ಲಿ ಮುಂದಿನ ಸಾಲಿನವರು ನಗುತ್ತಿದ್ದರು.

ಅವರು ನಕ್ಕದ್ದಕ್ಕೆ ಕಾರಣ ಮಾರನೇ ದಿನ ಗೊತ್ತಾಯಿತು. ಸಿನಿಮಾ ಹಾಳು ಅಂತ ಎಲ್ಲರೂ ಬರೆಯತೊಡಗಿದ್ದರು. ಮೊದಲಿನದರ ಕಾಲಿನ ಧೂಳಿಗೂ ಸಮ ಇಲ್ಲ, ಅದರ ಹೆಸರು ಕೆಡಿಸಿದರು ಅಂತ. ಜೊತೆಗೆ ಯಾರೋ ಪಡೆಯ ಚಿತ್ರ ತೆಗೆದು, ಒಂದೇ ಮುಖಕ್ಕೆಲ್ಲ ಕೆಂಪು ಸುತ್ತು ಹಾಕಿ, 'ಜೆರಾಕ್ಸ್ ಸೈನಿಕ' ಅಂತ ಹೆಸರಿಟ್ಟು ಬಿಟ್ಟಿದ್ದರು. ಅದು ಫೋನಿಂದ ಫೋನಿಗೆ ಹೋಯಿತು. ಬಟ್ಟೆ ಅಂಗಡಿಯಲ್ಲಿ ಸುಷ್ಮಿತಾಳ ಜೊತೆ ಕೆಲಸ ಮಾಡುವ ರಕ್ಷಿತಾ, ಯಾರು ಅಂತ ತಿಳಿಯದೆ, "ಇದು ನೋಡೇ, ನಕ್ಕು ನಕ್ಕು ಸಾಕಾಯ್ತು" ಅಂತ ಅವಳಿಗೇ ತೋರಿಸಿದಳು. ಸುಷ್ಮಿತಾ ಸೀರೆ ಮಡಚುತ್ತ ಕೂತಳು. ಮನೆಗೆ ಬಂದು ಅವ್ವನ ಹತ್ತಿರವೂ ಆ ದಿನ ಹೇಳಲಿಲ್ಲ.

ಗುತ್ಯಮ್ಮನಿಗೆ ಹೇಳುವ ಅಗತ್ಯವೂ ಇರಲಿಲ್ಲ. ಅವಳ ಕಷ್ಟ ಬೇರೆಯೇ ಆಗಿತ್ತು.

ಸಿನಿಮಾ ನೋಡಿ ಬಂದ ಮೇಲೆ ಅವಳು ಮೆಕ್ಕೆಜೋಳದ ಹೊಲಕ್ಕೆ ಕಾಲಿಡಲಾರದವಳಾದಳು. ಭಾದ್ರಪದದ ಜೋಳ ಆಳೆತ್ತರ ಬೆಳೆದಿತ್ತು. ಸಾಲು ಸಾಲಾಗಿ, ಒಂದರ ಹಾಗೆ ಒಂದು, ತಲೆಯ ಮೇಲೆ ಸೂಲಂಗಿ ಹೂ ಹೊತ್ತು ನಿಂತಿತ್ತು. ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಈ ಕಡೆ ತಿರುಗುತ್ತಿದ್ದವು. ಒಂದು ಮಧ್ಯಾಹ್ನ ಕಳೆ ನೋಡಲು ಸಾಲಿನ ನಡುವೆ ಹೋದವಳಿಗೆ, ಎರಡು ಸಾಲು ಆಚೆ ಯಾರೋ ತನ್ನ ಹೆಜ್ಜೆಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದಾರೆ ಅನ್ನಿಸಿತು. ನಿಂತರೆ ಅದೂ ನಿಂತಿತು. ಎಲೆಗಳ ಸಂದಿಯಲ್ಲಿ ನೋಡಿದಳು. ಏನೂ ಇರಲಿಲ್ಲ. ಆದರೂ ಹಿಂದಿರುಗಿ ನೋಡದೆ ರಸ್ತೆಗೆ ಬಂದುಬಿಟ್ಟಳು. ಎಲೆ ಗೀರಿ ಕೆನ್ನೆ ಉರಿಯುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮನಸ್ಸು ತಡೆಯದೆ ಮಗಳ ಹತ್ತಿರ ಹಳೆಯ ಸಿನಿಮಾ ಹಾಕಿಸಿದಳು. ಅದೇ ಕೆರೆಯಂಗಳ, ಅದೇ ಬುರುಡೆ. "ಮೊದ್ಲು ಕುಡಿಯವ್ವ" ಅಂದ ಅವನು. ಆದರೆ ಗುತ್ಯಮ್ಮನ ಕಣ್ಣಿಗೆ ಆ ಮುಖದ ಹಿಂದೆ ಇನ್ನೊಂದು ಮುಖ ಕಂಡಿತು. ಈಗ ಬಾಯಿ ತೆರೆದು ಕೂಗುತ್ತಾನೆ, ಈಗ ಬುರುಡೆ ಬಿಸಾಕಿ ಪಂಜು ತೆಗೆಯುತ್ತಾನೆ ಅನ್ನಿಸಿತು. ಫೋನನ್ನು ಬೋರಲು ಹಾಕಿಬಿಟ್ಟಳು. ಕಣ್ಣು ಮುಚ್ಚಿ, ಸಿನಿಮಾ ಇಲ್ಲದೆ ಅವನನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಮದುವೆಯ ದಿನ, ಮಗಳು ಹುಟ್ಟಿದ ದಿನ, ಜ್ವರ ಬಂದು ಮಲಗಿದ ದಿನ. ಎಲ್ಲ ಕಡೆಯೂ ಹೆಗಲು ಸಮ ಇರುವ, ಹಲ್ಲು ತುಂಬಿದ, ರೆಪ್ಪೆ ಬಡಿಯದ ಅವನೇ ಬಂದ.

"ಗಂಡನ ಮುಖ ಮರ್ತು ಹೋತು ನಂಗೆ" ಅಂತ ಅವಳು ಉಜ್ಜಪ್ಪನ ಹತ್ತಿರ ಹೇಳಿದಳು.

ಉಜ್ಜಪ್ಪ ಕಂಬಳಿ ಕೊಡವುತ್ತಿದ್ದ. "ಸಿನಿಮಾ ಅಲ್ಲೇನವ್ವ ಅದು. ಅದ್ರಾಗೆ ಸತ್ತೋರು ಹೊರಗೆ ಬಂದು ಚಾ ಕುಡೀತಾರೆ."

"ಹೊರಗೆ ಸತ್ತೋರು ಒಳಗೆ ಹೋಗಿ ಜನ ಕಡೀತಾರಲ್ಲ ಭಾವ, ಅದಕ್ಕೇನಂತೀರಿ?"

ಉಜ್ಜಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಯ ಹಿಂದೆ ಹೋದ. ಅವನೂ ಸಿನಿಮಾ ನೋಡಿದ್ದ ಅಂತಲೂ, ನೋಡಿ ಬಂದು ಎರಡು ಹೊತ್ತು ಊಟ ಬಿಟ್ಟಿದ್ದ ಅಂತಲೂ ಅವನ ಹೆಂಡತಿ ಆಮೇಲೆ ಹೇಳಿದಳು.

ಸುಷ್ಮಿತಾ ಸಿನಿಮಾ ಕಂಪನಿಯ ನಂಬರ್ ಹುಡುಕಿ ಫೋನ್ ಮಾಡಿದಳು. ಆ ಕಡೆ ಒಬ್ಬ ಹೆಣ್ಣುಮಗಳು ಮರ್ಯಾದೆಯಿಂದಲೇ ಮಾತಾಡಿದಳು. "ಮೇಡಂ, ಅದು ಯಾರ ಮುಖವೂ ಅಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಜನಸಂದಣಿ ಅಷ್ಟೆ."

"ನಮ್ಮಪ್ಪನ ಮುಖ ರೀ ಅದು."

"ಹಾಗೆ ಅನ್ನಿಸೋದು ಸಹಜ ಮೇಡಂ. ಜನಸಂದಣಿಯಲ್ಲಿ ಎಲ್ಲರಿಗೂ ಯಾರಾದರೂ ಪರಿಚಯದವರು ಕಾಣ್ತಾರೆ."

ಫೋನ್ ಇಟ್ಟ ಮೇಲೆ ಸುಷ್ಮಿತಾ ಮೊದಲ ಸಲ ಅತ್ತಳು. ಜೆರಾಕ್ಸ್ ಸೈನಿಕನ ಸುದ್ದಿಯನ್ನೂ ಆಗಲೇ ಅವ್ವನಿಗೆ ಹೇಳಿದಳು. ಗುತ್ಯಮ್ಮ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ನಗುವವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರು ನಗುವುದು ತನ್ನ ಗಂಡನನ್ನು ನೋಡಿ ಅಲ್ಲ ಅಂತ ಗೊತ್ತಿತ್ತು. ಹಾಗಾದರೆ ಅವರು ನೋಡಿ ನಗುತ್ತಿರುವವನು ಯಾರು ಅನ್ನುವುದೇ ತಿಳಿಯುತ್ತಿರಲಿಲ್ಲ.

ಆ ವಾರವೇ ಸುಷ್ಮಿತಾಳ ಫೋನಿಗೆ ಇನ್ನೊಂದು ವಿಡಿಯೋ ಬಂತು. ಸೊರಬದ ಕಡೆಯ ಸುರೇಂದ್ರ ಅನ್ನುವವನು ತನ್ನ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದ. "ಎಲ್ಲ ನೆಂಟರಿಗೂ ತಿಳಿಸೋದೇನಂದ್ರೆ, ನಮ್ಮಮ್ಮ ಹೂವಮ್ಮ ಆರಾಮಾಗಿದ್ದಾರೆ. ಸಿನಿಮಾದಲ್ಲಿ ಸತ್ತಿದ್ದು ನಮ್ಮಮ್ಮ ಅಲ್ಲ, ಕಂಪ್ಯೂಟರು." ಪಕ್ಕದಲ್ಲಿ ಕೂತ ಮುದುಕಿ ಎಲೆ ಅಡಿಕೆ ಜಗಿಯುತ್ತ ಕ್ಯಾಮೆರಾ ಕಡೆಗೆ ಕೈ ಎತ್ತಿ ತೋರಿಸಿದಳು.

ಗುತ್ಯಮ್ಮನಿಗೆ ಗುರುತು ಹತ್ತಿತು. ಮೊದಲ ಸಿನಿಮಾದಲ್ಲಿ ರಾಣಿಗೆ ಭತ್ತ ಕುಟ್ಟುವುದು ಕಲಿಸಿದ ಹೆಂಗಸು. ಸೊರಬದ ಕಡೆಯಿಂದ ಬಂದು ಚಿತ್ರೀಕರಣ ಮುಗಿಯುವ ತನಕ ಡೇರೆಯಲ್ಲೇ ಇದ್ದವಳು. ಹೂವಕ್ಕ, ಹೂವಕ್ಕ ಅಂತ ಗಂಡ ಆಗ ದಿನಾ ಹೇಳುತ್ತಿದ್ದ.

"ಇವರನ್ನ ನೋಡಬೇಕು ನಾನು" ಅಂದಳು.

ಭಾನುವಾರ ತಾಯಿ ಮಗಳು ಶಿರಾಳಕೊಪ್ಪಕ್ಕೆ ಬಂದು ಸೊರಬದ ಬಸ್ಸು ಹತ್ತಿದರು. ಹೂವಮ್ಮನ ಊರು ಗುಡವಿಯ ಪಕ್ಕ. ಸೊರಬದಲ್ಲಿ ಇಳಿದು ಆಟೋ ಮಾಡಿಕೊಂಡು ಹೋದರು. ಕೆರೆ ತುಂಬಿತ್ತು. ನೀರಿನಲ್ಲಿ ಮುಳುಗಿದ ಮರಗಳ ಮೇಲೆಲ್ಲ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿದ್ದವು. ಅವುಗಳ ಗದ್ದಲ, ಹಿಕ್ಕೆಯ ವಾಸನೆ ಮನೆಯಂಗಳದವರೆಗೂ ಬರುತ್ತಿತ್ತು. ಹೂವಮ್ಮ ಜಗುಲಿಯಲ್ಲಿ ಕೂತು ಹೀರೇಕಾಯಿ ಹೆಚ್ಚುತ್ತಿದ್ದಳು. ಯಾರು ಅಂತ ಸುಷ್ಮಿತಾ ಹೇಳಿದ್ದೇ ಮುದುಕಿ ಗುತ್ಯಮ್ಮನ ಮುಖ ನೋಡಿದಳು.

"ಬೀರಣ್ಣನ ಮನೆಯವಳನ? ಬಾ ಮಾರಾಯ್ತಿ, ಒಳಗೆ ಬಾ. ನಿನ್ನ ಗಂಡನೇ ಅಲ್ಲನ ನಮ್ಮೂರಿಗೆ ಬೆಂಕಿ ಕೊಟ್ಟು ನನ್ನ ಕಡಿದದ್ದು."

ಹೇಳಿ ಹೂವಮ್ಮ ನಕ್ಕಳು. ಗುತ್ಯಮ್ಮನಿಗೆ ನಗು ಬರಲಿಲ್ಲ. ಅಂಗಳದಲ್ಲೇ ನಿಂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ತಪ್ಪಾತು ಅಕ್ಕ" ಅಂದಳು. ಯಾಕೆ ಹಾಗಂದೆ ಅಂತ ಅವಳಿಗೂ ಗೊತ್ತಾಗಲಿಲ್ಲ. ಹೂವಮ್ಮ ಹೀರೇಕಾಯಿ ಬದಿಗಿಟ್ಟು ಎದ್ದು ಬಂದು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಹೂವಮ್ಮನಿಗೂ ಅದು ನಗುವ ವಿಷಯವಾಗಿರಲಿಲ್ಲ. ಬೆಂಕಿ ಬಿದ್ದ ಹಳ್ಳಿಯಲ್ಲಿ ಸತ್ತು ಬಿದ್ದ ಹೆಂಗಸರಲ್ಲಿ ಎಷ್ಟೋ ಜನರಿಗೆ ಅವಳದೇ ಮುಖ. ಒಂದು ಹೆಣವಂತೂ ಬಾವಿಕಟ್ಟೆಯ ಮೇಲೆ ಕಣ್ಣು ಬಿಟ್ಟುಕೊಂಡು ತುಂಬಾ ಹೊತ್ತು ಇತ್ತು. ಅದನ್ನು ನೋಡಿ ಬಂದ ಮೊಮ್ಮಗಳು ಚೈತ್ರಶ್ರೀ, ಇನ್ನೂ ಶಾಲೆಗೆ ಸೇರದ ಕೂಸು, ಅಜ್ಜಿಯ ಕೈತುತ್ತು ತಿನ್ನುವುದು ಬಿಟ್ಟಿತ್ತು. ರಾತ್ರಿ ಅಜ್ಜಿಯ ಪಕ್ಕ ಮಲಗುತ್ತಿರಲಿಲ್ಲ. ಹೂವಮ್ಮ ಕಣ್ಣು ಮುಚ್ಚಿದರೆ ಅಳುತ್ತಿತ್ತು, ತೆರೆದೇ ಇದ್ದರೂ ಅಳುತ್ತಿತ್ತು.

"ನಾನು ಬದುಕಿದೀನಿ ಅಂತ ಕೂಸಿಗೆ ಹೆಂಗೆ ತೋರಿಸೋದು ಹೇಳು" ಅಂದಳು ಹೂವಮ್ಮ. "ಕನ್ನಡಿ ಮುಂದೆ ನಿಂತ್ರೆ ನಂಗೇ ಒಂದೊಂದು ಸಲ ಅನುಮಾನ ಬರ್ತದೆ. ಆ ಬಾವಿಕಟ್ಟೆ ಮೇಲೆ ಇರೋದೇ ನಾನು, ಇಲ್ಲಿ ಹೀರೇಕಾಯಿ ಹೆಚ್ಚೋದು ಬ್ಯಾರೆ ಯಾರೋ ಅಂತ."

ಸುಷ್ಮಿತಾ ಹೊರಗೆ ಕೆರೆ ನೋಡಲು ಹೋದಳು. ಹೆಂಗಸರಿಬ್ಬರೇ ಉಳಿದಾಗ ಗುತ್ಯಮ್ಮ ಬಂದ ವಿಷಯ ಹೇಳಿದಳು. "ಅಕ್ಕ, ಅವ್ರ ಮುಖ ನಂಗೆ ಸಿಗವಲ್ದು. ಕಣ್ಣು ಮುಚ್ಚಿದ್ರೆ ಅವನೇ ಬರ್ತಾನೆ, ಆ ಸಿಪಾಯಿ. ನೀವು ಅವ್ರ ಜೊತೆ ಅಲ್ಲಿ ಇದ್ರಲ್ಲ. ಸಿನಿಮಾದಾಗೆ ಇಲ್ದಿದ್ದು ಏನಾರ ಇದ್ರೆ ಹೇಳ್ರಿ."

ಹೂವಮ್ಮ ಹೇಳತೊಡಗಿದಳು. ಚೌಕಾಬಾರ ಆಡುವಾಗ ಬೀರಣ್ಣ ಕವಡೆಯನ್ನು ಕಾಲಿನಡಿ ಒತ್ತಿಕೊಂಡು ಮೋಸ ಮಾಡುತ್ತಿದ್ದ. ಸಿಕ್ಕಿಬಿದ್ದರೆ ಕುರಿಯನ್ನು ಬೈಯುತ್ತ ಎದ್ದು ಹೋಗುತ್ತಿದ್ದ. ಒಂದು ದಿನ ಸಿನಿಮಾದವರು ಹೋಳಿಗೆ ಬಡಿಸಿದಾಗ ಎರಡು ಹೋಳಿಗೆಯನ್ನು ರುಮಾಲಿನಲ್ಲಿ ಕಟ್ಟಿ ಮರಕ್ಕೆ ನೇತುಹಾಕಿದ. ಯಾರಿಗೆ ಅಂತ ಕೇಳಿದರೆ ಹೇಳಲಿಲ್ಲ. ಸಂಜೆ ಬಿಚ್ಚಿ ನೋಡಿದರೆ ಇರುವೆ ಮುತ್ತಿತ್ತು. ಆವತ್ತು ಅವನ ಮುಖ ನೋಡಬೇಕಿತ್ತು ಅಂದಳು ಹೂವಮ್ಮ. ಇರುವೆ ಕೊಡವಿ ಕೊಡವಿ ನೋಡಿ, ಕೊನೆಗೆ ಕುರಿಗೆ ಹಾಕಿದ.

"ನಂಗೆ ಹೇಳೇ ಇಲ್ಲ" ಅಂದಳು ಗುತ್ಯಮ್ಮ.

"ಹೇಳಿದ್ರೆ ತಂದಂಗೆ ಆಗ್ತದನ?"

ಬಿಳಿ ಡೇರೆಯ ಮಾತೂ ಬಂತು. ಹೂವಮ್ಮ ಮುಗಿಸಿ ಹೊರಗೆ ಬಂದ ಮೇಲೆ ಅವನು ಒಳಗೆ ಹೋಗಿದ್ದ. ಹೊರಗೆ ಬಂದವನು ಬಹಳ ಹೊತ್ತು ಒಂದು ಕಲ್ಲಿನ ಮೇಲೆ ಕೂತ. ಸಿಟ್ಟು ಮಾಡು ಅಂದರೆ ಮಾಡಲಿಕ್ಕೆ ಬರಲಿಲ್ಲವಂತೆ. ಯಾರ ಮೇಲೆ ಅಂತ ಕೇಳಿದನಂತೆ. ಯಾರ ಮೇಲಾದರೂ ಅಂದರಂತೆ. ಆಗ ಮರಿ ಹೊತ್ತೊಯ್ದ ತೋಳವನ್ನು ನೆನಪು ಮಾಡಿಕೊಂಡು ಬಾಯಿ ತೆರೆದನಂತೆ. "ಹೂವಕ್ಕ, ಒಳಗೆ ಏನೋ ಬಿಟ್ಟು ಬಂದಂಗೆ ಆಗ್ತೈತಿ, ಏನು ಅಂತ ತಿಳೀವಲ್ದು" ಅಂದಿದ್ದನಂತೆ. ಎದ್ದು ಹೋಗುವ ಮುಂಚೆ ಎರಡು ಸಲ ಡೇರೆಯ ಕಡೆ ತಿರುಗಿ ನೋಡಿದನಂತೆ.

ಗುತ್ಯಮ್ಮ ಕೇಳುತ್ತ ಕೂತಳು. ಮುಖ ಸರಿಯಾಗಿ ಇನ್ನೂ ಬಂದಿರಲಿಲ್ಲ. ಆದರೆ ಇರುವೆ ಕೊಡವುವ ಬೆರಳು ಕಂಡಿತು. ಆ ಬೆರಳು ಯಾವ ಸಿಪಾಯಿಗೂ ಇರಲಿಲ್ಲ.

ಹೊರಡುವಾಗ ಹೂವಮ್ಮ ಕುಂಕುಮ ಇಡಲು ಬಂದು, ನೆನಪಾಗಿ ಕೈ ಹಿಂದೆ ತೆಗೆದಳು. ಬದಲಿಗೆ ಹೀರೇಕಾಯಿ ಕಟ್ಟಿಕೊಟ್ಟಳು. ಆಗ ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ಚೈತ್ರಶ್ರೀ, "ಈ ಅಮ್ಮನೂ ಸತ್ತಿದಾರಾ?" ಅಂತ ಕೇಳಿತು.

"ಇಲ್ಲ ಕಂದ" ಅಂದಳು ಗುತ್ಯಮ್ಮ. ಬಗ್ಗಿ ತನ್ನ ಅಂಗೈಯನ್ನು ಮಗುವಿನ ಕೆನ್ನೆಗೆ ಇಟ್ಟಳು. "ಬೆಚ್ಚಗೈತಿ ನೋಡು. ನಿಮ್ಮಜ್ಜಿ ಕೈನೂ ಮುಟ್ಟಿ ನೋಡು."

ಮಗು ಅಜ್ಜಿಯ ಕೈಯನ್ನು ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಆಟೋ ಬಂದಿತ್ತು, ಅವರು ಹೊರಟುಬಿಟ್ಟರು.

ಹತ್ತಿರದಲ್ಲೇ ಹಿರಿಯರ ಹಬ್ಬ ಬಂತು. ಅಷ್ಟರಲ್ಲಿ ಎರಡನೇ ಭಾಗ ಥಿಯೇಟರಿನಿಂದ ಹೋಗಿತ್ತು. ಜನ ಅದನ್ನು ಮರೆಯತೊಡಗಿದ್ದರು. ಮೊದಲ ಭಾಗವನ್ನು ಹೊಗಳುವವರೂ ಕಡಿಮೆಯಾಗಿದ್ದರು. ಆ ಹೆಸರು ತೆಗೆದರೆ ಎರಡನೆಯದೂ ನೆನಪಾಗುತ್ತದಲ್ಲ ಅಂತ ಇರಬೇಕು. ಗುತ್ಯಮ್ಮ ಮನೆ ಸಾರಿಸಿ, ಗಂಡನಿಗೆ ಇಷ್ಟವಾದದ್ದನ್ನೆಲ್ಲ ಮಾಡಿದಳು. ಹೋಳಿಗೆ, ಕೋಸಂಬರಿ, ಅವನು ಸೇದುತ್ತಿದ್ದ ಬೀಡಿಯ ಕಟ್ಟು, ಹೊಸ ಪಂಚೆ. ಉಜ್ಜಪ್ಪ ಬಂದು ಕಂಬಳಿ ಗದ್ದುಗೆ ಹಾಕಿದ. ತೀರಿಕೊಂಡ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ ಎಡೆ ಬಡಿಸಿದರು.

ಹೆಸರು ಕರೆಯುವ ಹೊತ್ತಿಗೆ ಗುತ್ಯಮ್ಮನಿಗೆ ಒಂದು ಅನುಮಾನ ಬಂತು. ಸಣ್ಣಬೀರಪ್ಪ ಅಂತ ಕರೆದರೆ ಯಾರು ಬರುತ್ತಾರೆ? ಅವಳ ಬೆನ್ನಿಗೆ ಬಾಗಿಲಿತ್ತು. ಬಾಗಿಲಾಚೆ ಅಂಗಳ, ಅಂಗಳದಾಚೆ ಜೋಳದ ಹೊಲ. ಅಲ್ಲಿ ಅವರೆಲ್ಲ ಬಂದು ನಿಂತಿದ್ದಾರೆ ಅನ್ನುವುದು ತಿರುಗಿ ನೋಡದೆಯೂ ಅವಳಿಗೆ ಗೊತ್ತಾಗುತ್ತಿತ್ತು. ಅವರಿಗೂ ಅದೇ ಹೆಸರು, ಬೇರೆ ಹೆಸರನ್ನು ಯಾರೂ ಇಟ್ಟಿರಲಿಲ್ಲ. ಯಾರಿಗೂ ಹುಟ್ಟದೆ, ಒಂದು ತೋಳದ ಮೇಲಿನ ಸಿಟ್ಟಿನಿಂದ ಎದ್ದು, ಕಡಿಸಿಕೊಂಡು ಬಿದ್ದವರು. ಸತ್ತ ಮೇಲೂ ಜನರ ಕೈಯಲ್ಲಿ ನಗೆಪಾಟಲಾದವರು.

ಅವಳು ಎದ್ದು ಇನ್ನೊಂದು ಎಲೆ ತೆಗೆದುಕೊಂಡಳು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಡಿಸಿದಳು. ಹೊರಗೆ ಹೋಗಿ, ಅಂಗಳದ ತುದಿಯಲ್ಲಿ, ಹೊಲಕ್ಕೆ ಮುಖ ಮಾಡಿ ಇಟ್ಟಳು. ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟಳು.

"ಅದ್ಯಾರಿಗವ್ವ?" ಅಂದಳು ಸುಷ್ಮಿತಾ.

"ಪಡೆಗೆ."

ಸುಷ್ಮಿತಾ ದೊಡ್ಡಪ್ಪನ ಮುಖ ನೋಡಿದಳು. ಉಜ್ಜಪ್ಪ ತಲೆ ತಗ್ಗಿಸಿ ಊದುಬತ್ತಿ ಹಚ್ಚುತ್ತಿದ್ದ. "ಇಡಲಿ ಬಿಡು" ಅಂದ. "ಅವ್ರಿಗೆ ಮತ್ತ್ಯಾರು ಇಕ್ತಾರೆ."

ಗುತ್ಯಮ್ಮ ಒಳಗೆ ಬಂದು ಬಾಗಿಲು ಅರ್ಧ ಮುಂದೆ ಮಾಡಿದಳು. ಎಡೆಯ ಮುಂದೆ ಕೂತು ಗಂಡನ ಹೆಸರು ಕರೆದಳು. ಒಂದೇ ಸಲ, ದೊಡ್ಡ ದನಿಯಲ್ಲಲ್ಲ, ಊಟಕ್ಕೆ ಕರೆಯುವಷ್ಟು. ಆಮೇಲೆ ಕಣ್ಣು ಮುಚ್ಚಿದಳು. ಹೊರಗೆ ಗಾಳಿಗೆ ಜೋಳದ ಎಲೆಗಳು ಒಟ್ಟಿಗೆ ತಿರುಗುವ ಸದ್ದು ಬಂತು, ಆಮೇಲೆ ನಿಂತಿತು.

ಈಗಲೂ ಪಡೆಯವರು ಬರುತ್ತಾರೆ ಅನ್ನುತ್ತಾಳೆ ಅವಳು. ಜೋಳ ಕೊಯ್ದು ಹೊಲ ಬಯಲಾದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ, ಬದುವಿನ ಮೇಲೆ ಸಾಲಾಗಿ ನಿಂತದ್ದು ಕಾಣುತ್ತದಂತೆ. ರೆಪ್ಪೆ ಬಡಿಯುವುದಿಲ್ಲ. ಆದರೆ ಅಂಗಳ ದಾಟಿ ಒಳಗೆ ಬರುವುದಿಲ್ಲವಂತೆ. ಒಳಗೆ ಒಬ್ಬನೇ ಬರುತ್ತಾನೆ, ಎಡ ಹೆಗಲು ಇಳಿಬಿದ್ದವನು. ಅವನ ಮುಖ ಪೂರ್ತಿ ಕಾಣುವುದು ಯಾವಾಗಲೋ ಒಮ್ಮೆ.